ನೊಣದ ಪೆಟ್ಟಿಗೆಯ ಬೆಲೆ

ಕಾವೇರಿಯ ದಡದಲ್ಲಿ ಕಳೆದ ನನ್ನ ಬಾಲ್ಯದಲ್ಲಿ, ಮೀನು ಹಿಡಿಯಹೊರಟವನು ಗಾಳದ ಎರೆಗಾಗಿ ಹಣ ತೆರುವುದೆಂಬ ಮಾತೇ ಇರಲಿಲ್ಲ. ರಾಗಿಯ ಹಿಟ್ಟನ್ನು ಬೇಯಿಸಿ, ಗಟ್ಟಿಯಾಗಿ ನಾದಿ, ನಿಂಬೆಹಣ್ಣಿನಷ್ಟು ಗಾತ್ರದ ಉಂಡೆಗಳನ್ನು ಕಟ್ಟಿ, ಬಾಳೆಯೆಲೆಯಲ್ಲಿ ಸುತ್ತಿಕೊಂಡು ಹೊಳೆಗೆ ಇಳಿದರೆ ಬಿಳಿಮೀನಿಗೆ ಅದೇ ಔತಣವಾಗುತ್ತಿತ್ತು. ಅಂಥವನು ನೌಕರಿಯಿಂದ ನಿವೃತ್ತನಾದ ಬಳಿಕ, ಹಿಮಾಲಯದ ತಣ್ಣೀರಿನ ಟ್ರೌಟ್ ಮೀನಿನ ಮೋಹಕ್ಕೆ ಸಿಕ್ಕಿ, ಹಕ್ಕಿಯ ಗರಿಯಿಂದಲೂ ಮೃಗದ ರೋಮದಿಂದಲೂ ಕಟ್ಟಿದ, ಕಡಲೆಕಾಳಿಗಿಂತ ಹಗುರವಾದ ಕೃತಕ ನೊಣವೊಂದಕ್ಕೆ ಸರಾಸರಿ 220 ರೂಪಾಯಿ ಕೊಡುವವನಾದೆನೆಂದರೆ, ಆ ಹಣದ ಲೆಕ್ಕವನ್ನು ಓದುಗರ ಮುಂದೆ ಇಡುವುದು ಈ ಅಂಕಣದ ಧರ್ಮವೇ ಸರಿ.

ಬಲ್ಲವರು ಇದನ್ನು ಫ್ಲೈ ಎಂದೇ ಕರೆಯುತ್ತಾರೆ. ನೀರಿನ ಮೇಲೆ ತೇಲುವ ಫ್ಲೈ ಒಂದು ಜಾತಿಯಾದರೆ, ಮುಳುಗಿ ಹರಿವಿನೊಡನೆ ಸಾಗುವ ನಿಂಫ್ ಇನ್ನೊಂದು. ಕೊಕ್ಕೆಯ ಅಂಕಿ ಹೆಚ್ಚಿದಷ್ಟೂ ಅದರ ಗಾತ್ರ ಕಿರಿದಾಗುತ್ತ ಹೋಗಿ, 18ನೆಯ ಅಂಕಿಯ ಕೊಕ್ಕೆಯು ಕಿರುಬೆರಳಿನ ಉಗುರಿನ ಮೇಲೆ ಅಡಗಬಲ್ಲಷ್ಟು ಸೂಕ್ಷ್ಮವಾಗಿರುತ್ತದೆ. ಇಷ್ಟು ಪುಟ್ಟ ವಸ್ತುವಾದುದರಿಂದ ಕೊಳ್ಳುವಾಗ ಖರ್ಚಿನ ಪ್ರಜ್ಞೆಯೇ ಉಂಟಾಗುವುದಿಲ್ಲ. ಇಂದು ನಾಲ್ಕು, ಮುಂದಿನ ತಿಂಗಳು ಆರು, ಮಗಳು ವಿದೇಶದಿಂದ ಬರುವಾಗ ಒಂದು ಡಜನ್ ಎಂಬಂತೆ ಎರಡು ವರ್ಷ ಕೊಂಡ ಮೇಲೆ ಒಂದು ಸಂಜೆ ಎಣಿಸಿ ನೋಡಿದೆನು: 144 ಫ್ಲೈಗಳು, 31,680 ರೂಪಾಯಿ. ನನ್ನ ಗಾಳದ ಕೋಲು ಮತ್ತು ರೀಲು ಎರಡರ ಬೆಲೆಯನ್ನು ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ. ಆದರೂ ಮೊದಲ ಕಾಶ್ಮೀರ ಪ್ರಯಾಣದಲ್ಲಿ ನಾನು ಬೆಲೆಯುಳ್ಳವೆಂದು ಭಾವಿಸಿ ಕೋಲನ್ನೂ ರೀಲನ್ನೂ ಕೈಯಲ್ಲಿ ಹಿಡಿದು ವಿಮಾನವೇರಿದೆನು; ಫ್ಲೈಗಳ ಪೆಟ್ಟಿಗೆಯನ್ನು ಬಟ್ಟೆಗಳ ನಡುವೆ ತುರುಕಿ, ಕೆಳಗಿನ ಸರಕಿನ ಅಂಕಣಕ್ಕೆ ಹೋಗುವ ಸೂಟ್‌ಕೇಸಿಗೆ ಹಾಕಿದೆನು.

ಸೂಟ್‌ಕೇಸು ದೆಹಲಿಯಲ್ಲಿ ಉಳಿದುಹೋಯಿತು. ಮೂರು ದಿನಗಳಾದ ಮೇಲೆ ಅದು ಪಹಲ್ಗಾಮಿಗೆ ಬಂದು ಸೇರಿದಾಗ ಒಳಗಿನ ಒಂದು ಗರಿಯೂ ಮಾಸಿರಲಿಲ್ಲ. ಆದುದರಿಂದ ಮೇಲುನೋಟಕ್ಕೆ ನನಗಾದ ನಷ್ಟ ಶೂನ್ಯ. ಆದರೆ ಕೋಲಾಹಾಯಿ ಹಿಮನದಿಯಿಂದ ಇಳಿದು ಬರುವ ಲಿದ್ದರ್ ಹೊಳೆಯ ದಡದಲ್ಲಿ, ಮೀನುಗಾರಿಕೆ ಇಲಾಖೆಯ ಪರವಾನಗಿಯನ್ನು ಜೇಬಿನಲ್ಲಿಟ್ಟುಕೊಂಡು, ಕೂಲಿ ಗೊತ್ತುಮಾಡಿದ ಮಾರ್ಗದರ್ಶಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕೈಯಲ್ಲಿ ಒಳ್ಳೆಯ ಕೋಲಿದ್ದೂ ಅದರ ತುದಿಗೆ ಕಟ್ಟಲು ತಕ್ಕ ಫ್ಲೈ ಇಲ್ಲದೆ ನಾನು ಕಳೆದ ಆ ಮೂರು ದಿನಗಳಿಗೆ, ಕೊಠಡಿ, ವಾಹನ, ಮಾರ್ಗದರ್ಶಿಯ ಸಂಬಳ, ಪರವಾನಗಿ ಎಲ್ಲ ಸೇರಿ ದಿನಕ್ಕೆ 8,000ದಂತೆ 24,000 ರೂಪಾಯಿ ಸಂದಿತ್ತು. ಊರಿನಲ್ಲಿ ಸಿಕ್ಕಿದ ಕೆಲವೇ ಫ್ಲೈಗಳು ದೊಡ್ಡ ಕೊಕ್ಕೆಯವು. ಮೀನು ಏಳುತ್ತಿದ್ದುದು ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳಿಗೆ. ಪೆಟ್ಟಿಗೆಯ ನಿಜವಾದ ಬೆಲೆ ಅದರೊಳಗಿನ ಫ್ಲೈಗಳ ಬೆಲೆಯಲ್ಲ, ಅದಿಲ್ಲದೆ ವ್ಯರ್ಥವಾಗುವ ದಿನಗಳ ಬೆಲೆ ಎಂಬುದನ್ನು ನಾನು ಅಲ್ಲಿ ಅರಿತೆನು.

ವಿಮಾನಸಂಸ್ಥೆಗೆ ಬರೆದ ಪತ್ರಕ್ಕೆ ಸೌಜನ್ಯದ ಉತ್ತರ ಬಂದಿತು, ಹಣ ಬರಲಿಲ್ಲ. ಏಕೆಂದರೆ ನನ್ನ ಬಳಿ ಒಂದು ರಸೀದಿಯೂ ಇರಲಿಲ್ಲ. ಅನಂತರ ನಿಯಮಗಳನ್ನು ಓದಿದೆನು. ದೇಶದೊಳಗಿನ ಯಾನದಲ್ಲಿ ಸಾಮಾನು ಕಳೆದರೂ ತಡವಾದರೂ ಹಾಳಾದರೂ ಸಂಸ್ಥೆಯ ಹೊಣೆಗೆ ಪ್ರಯಾಣಿಕನೊಬ್ಬನಿಗೆ 20,000 ರೂಪಾಯಿಯ ಮೇಲ್ಮಿತಿಯಿದೆ. ಎಂದರೆ ಬಟ್ಟೆಬರೆಯೆಲ್ಲ ಹಾಗಿರಲಿ, ನನ್ನ ಫ್ಲೈಗಳೊಂದೇ ಆ ಮಿತಿಯನ್ನು ದಾಟಿದ್ದವು. ಅಂತರರಾಷ್ಟ್ರೀಯ ಯಾನಕ್ಕೆ ಅನ್ವಯಿಸುವ ಮಾಂಟ್ರಿಯಲ್ ಒಪ್ಪಂದದಲ್ಲಿ ಮಿತಿ ಇದಕ್ಕಿಂತ ಎಷ್ಟೋ ಉದಾರವಾಗಿದ್ದು, 2024ರ ಡಿಸೆಂಬರ್ 28ರಿಂದ ಅದು ಎಸ್‌ಡಿಆರ್ ಎಂಬ ಮಾನದಲ್ಲಿ 1,519 ಆಗಿದೆ. ಹೆಚ್ಚಿನ ಬೆಲೆಯ ಸಾಮಾನಾದರೆ ಒಪ್ಪಿಸುವಾಗಲೇ ಬೆಲೆಯನ್ನು ಘೋಷಿಸಿ, ಕೇಳಿದಲ್ಲಿ ಅಧಿಕ ಶುಲ್ಕ ತೆರಲು ಅವಕಾಶವುಂಟು. ಹಾನಿಯ ದೂರನ್ನು ಸಾಮಾನು ಕೈಸೇರಿದ 7 ದಿನಗಳೊಳಗೆ, ವಿಳಂಬದ ದೂರನ್ನು 21 ದಿನಗಳೊಳಗೆ ಬರೆದು ಕೊಡಬೇಕು. ಆದರೆ ಯಾವ ನಿಯಮವೂ ಹೊಳೆಯ ದಡದ ಮೂರು ದಿನಗಳನ್ನು ಮರಳಿಸಲಾರದು.

ಎರಡನೆಯ ನಷ್ಟ ನನ್ನ ಕೈಯಿಂದಲೇ ಆದುದು. ಉಳಿದ ಒಂದು ದಿನ ಸಂಜೆಯವರೆಗೆ ಮೀನು ಹಿಡಿದು, ಒದ್ದೆಯಾದ ಫ್ಲೈಗಳನ್ನು ಒಣಗಿದವುಗಳ ಜೊತೆಯಲ್ಲಿಯೇ ಇಟ್ಟು, ನೀರು ಒಳಹೋಗದಂತೆ ಬಿಗಿಯಾಗಿ ಮುಚ್ಚುವ ಆ ಪೆಟ್ಟಿಗೆಯನ್ನು ಹಾಗೆಯೇ ಬೆಂಗಳೂರಿಗೆ ತಂದೆನು. ನೀರು ಒಳಹೋಗದ ಪೆಟ್ಟಿಗೆ ಒಳಗಿನ ತೇವವನ್ನೂ ಹೊರಬಿಡುವುದಿಲ್ಲವೆಂಬ ಸರಳ ಸತ್ಯ, ತಿಂಗಳಾದ ಮೇಲೆ ಮುಚ್ಚಳ ತೆರೆದಾಗ 37 ಕೊಕ್ಕೆಗಳ ಮೇಲೆ ತುಕ್ಕಿನ ರೂಪದಲ್ಲಿ ಬರೆದಿತ್ತು. 8,140 ರೂಪಾಯಿ. ಆ ರಾತ್ರಿ ಬಹಳ ಹೊತ್ತು ಅವುಗಳ ಮುಂದೆ ಕುಳಿತಿದ್ದೆನು. ಯಾರೋ ಅಪರಿಚಿತರು ಕಣ್ಣು ನೋಯಿಸಿಕೊಂಡು ಎಳೆಯೆಳೆಯಾಗಿ ಸುತ್ತಿದ ದುಡಿಮೆಯನ್ನು ಅಲಕ್ಷ್ಯದಿಂದ ಕೆಡಿಸಿದೆನೆಂಬ ವ್ಯಥೆ ಹಣದ ವ್ಯಥೆಗಿಂತ ಹೆಚ್ಚಾಗಿತ್ತು.

ಈಗ ನಾನು ಅನುಸರಿಸುವ ಕ್ರಮ ಹೀಗಿದೆ. ಪ್ರಯಾಣಕ್ಕೆ ಒಂದು ವಾರ ಮೊದಲು ಮೇಜಿನ ಮೇಲೆ ಬಿಳಿಯ ಬಟ್ಟೆಯನ್ನು ಹಾಸಿ, ಹಿಂದಿನ ಸಲ ನೀರನ್ನೇ ಕಾಣದ ಫ್ಲೈಗಳನ್ನು ಮೊದಲು ಬೇರ್ಪಡಿಸುತ್ತೇನೆ, ಅವೇ ಅರ್ಧದಷ್ಟಿರುತ್ತವೆ. ಉಳಿಯುವ ಮಾದರಿಗಳು ನಾಲ್ಕೈದು ಮಾತ್ರ. 1922ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ಹುಟ್ಟಿದ ಬೂದುಬಣ್ಣದ ಆ್ಯಡಮ್ಸ್, ಎಲ್ಕ್ ಎಂಬ ದೊಡ್ಡ ಜಿಂಕೆಯ ಕೂದಲಿನಿಂದ ಆಲ್ ಟ್ರಾತ್ ಎಂಬಾತ ರೂಪಿಸಿದ ಕ್ಯಾಡಿಸ್, ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರನಾಗಿದ್ದ ಫ್ರಾಂಕ್ ಸಾಯರ್ ಫೆಸೆಂಟ್ ಹಕ್ಕಿಯ ಬಾಲದ ಗರಿಯಿಂದ ಕಟ್ಟಿದ ನಿಂಫ್ ಇವು ಮುಖ್ಯವಾದವು. ಸಾಯರನು ದಾರವನ್ನೂ ಬಳಸದೆ, ತೆಳುವಾದ ತಾಮ್ರದ ತಂತಿ ಮತ್ತು ನಾಲ್ಕಾರು ಗರಿಯೆಳೆಗಳಿಂದಲೇ ಅದನ್ನು ಮುಗಿಸುತ್ತಿದ್ದನು. ನನ್ನ ಪೆಟ್ಟಿಗೆಯಲ್ಲಿ ಅತ್ಯಂತ ಅಗ್ಗದ ಫ್ಲೈ ಅದೇ, ಅತಿ ಹೆಚ್ಚು ಮೀನು ತಂದುಕೊಟ್ಟುದೂ ಅದೇ. ಬಣ್ಣಬಣ್ಣದ ದುಬಾರಿ ಫ್ಲೈಗಳು ಬಹುಮಟ್ಟಿಗೆ ಮೀನನ್ನಲ್ಲ, ಕೊಳ್ಳುವವನನ್ನು ಹಿಡಿಯಲೆಂದೇ ಕಟ್ಟಿದವು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೀಗೆ ಆರಿಸಿದ 72 ಫ್ಲೈಗಳನ್ನು ಎರಡು ಚಿಕ್ಕ ಪೆಟ್ಟಿಗೆಗಳಲ್ಲಿ ಸಮನಾಗಿ ಹಂಚಿ, ಪ್ರತಿಯೊಂದರಲ್ಲಿಯೂ ಎಲ್ಲ ಮಾದರಿಗಳೂ ಎಲ್ಲ ಅಂಕಿಗಳೂ ಇರುವಂತೆ ನೋಡಿಕೊಂಡು, ಒಂದನ್ನು ಕೈಚೀಲದಲ್ಲಿಯೂ ಇನ್ನೊಂದನ್ನು ಸೂಟ್‌ಕೇಸಿನಲ್ಲಿಯೂ ಇಡುತ್ತೇನೆ. ತೇಲುವ ಫ್ಲೈಗಳ ಗರಿ ಮುದುಡಬಾರದಾದುದರಿಂದ ಅವಕ್ಕೆ ಆಳವಾದ ಗೂಡುಗಳು ಬೇಕು. ನಿಂಫ್‌ಗಳನ್ನು ಫೋಮಿನ ಸೀಳುಗಳಲ್ಲಿ ಸಾಲಾಗಿ ಸಿಕ್ಕಿಸಿದರೆ ಸಾಕು. ಗರಿ ಮುದುಡಿದ್ದರೂ ಕುದಿಯುವ ನೀರಿನ ಹಬೆಗೆ ಕ್ಷಣಕಾಲ ಹಿಡಿದರೆ ಮತ್ತೆ ಅರಳುತ್ತದೆ, ಹೊಸದನ್ನು ಕೊಳ್ಳಬೇಕಾಗಿಲ್ಲ. ದೊಡ್ಡ ಕೊಕ್ಕೆಗಳು, ದಾರ ಕತ್ತರಿಸುವ ಕತ್ತರಿ, ಇಕ್ಕುಳಗಳು ಸೂಟ್‌ಕೇಸಿಗೇ ಸೇರತಕ್ಕವು. ಸಣ್ಣ ಫ್ಲೈಗಳನ್ನು ಕೈಚೀಲದಲ್ಲಿ ಒಯ್ಯಬಹುದೆಂದು ಅಮೆರಿಕದ ತಪಾಸಣೆಯ ಇಲಾಖೆ ಹೇಳುತ್ತದೆಯಾದರೂ, ಎಲ್ಲಿಯೇ ಆಗಲಿ ಕೊನೆಯ ಮಾತು ಎದುರಿಗಿರುವ ಅಧಿಕಾರಿಯದು. ಆದುದರಿಂದ ನಾನು ಅರ್ಧ ಗಂಟೆ ಮುಂಚೆ ಹೋಗಿ, ಪೆಟ್ಟಿಗೆಯನ್ನು ನಾನಾಗಿಯೇ ತೆರೆದು ತೋರಿಸುತ್ತೇನೆ. ಒಪ್ಪದಿದ್ದರೂ ನನ್ನ ನಷ್ಟ 7,920 ರೂಪಾಯಿಗೆ ನಿಲ್ಲುತ್ತದೆ, ಪ್ರಯಾಣ ನಿಲ್ಲುವುದಿಲ್ಲ.

ಮಗಳ ಮನೆಗೆಂದು ನ್ಯೂಜಿಲೆಂಡಿಗೆ ಹೋದಾಗ ಇನ್ನೆರಡು ಪಾಠಗಳಾದವು. ನವಿಲುಗರಿಯ ರಫ್ತನ್ನು ನಮ್ಮ ದೇಶ ನಿಷೇಧಿಸಿರುವುದರಿಂದ, ಅದರ ಹೊಳೆಯುವ ಎಳೆ ಸುತ್ತಿದ ಫ್ಲೈಗಳನ್ನೆಲ್ಲ ಮನೆಯಲ್ಲಿಯೇ ಬಿಟ್ಟೆನು. ಅಲ್ಲಿಯ ನದಿಗಳಲ್ಲಿ ಡಿಡಿಮೊ ಎಂಬ ಪಾಚಿ 2004ರಲ್ಲಿ ಕಾಣಿಸಿಕೊಂಡಿತು. ಅದು ಹರಡದಂತೆ ತಡೆಯಲು ತೇವ ಹಿಡಿದಿಡುವ ಫೆಲ್ಟ್ ಅಟ್ಟೆಯ ಬೂಟುಗಳನ್ನು ಅವರು ನಿಷೇಧಿಸಿದ್ದಾರೆ, ಬಳಸಿದ ಮೀನುಗಾರಿಕೆಯ ಸಲಕರಣೆಯನ್ನು ಘೋಷಿಸದೆ ಒಳನುಗ್ಗಿದವನಿಗೆ ಅಲ್ಲಿಯ 400 ಡಾಲರ್ ದಂಡ ಕಾದಿದೆ. ಚೀಟಿಯಲ್ಲಿ ಹೌದೆಂದು ಗುರುತು ಮಾಡಿದ ನನ್ನ ಪೆಟ್ಟಿಗೆಯನ್ನು ಅಧಿಕಾರಿ ತೆರೆದು ನೋಡಿ, ಎಲ್ಲವೂ ಒಣಗಿ ಶುಚಿಯಾಗಿರುವುದನ್ನು ಕಂಡು ಕೂಡಲೇ ಹಿಂದಿರುಗಿಸಿದನು.

ಹೊಳೆಯಿಂದ ಬಂದ ರಾತ್ರಿ ಮುಚ್ಚಳಗಳನ್ನು ತೆರೆದಿಟ್ಟು ಮಲಗುವುದು ಈಗ ಅಭ್ಯಾಸವಾಗಿದೆ. ಪೆಟ್ಟಿಗೆಯ ಒಳಗೆ ಒಂದು ಕಾಗದ ಇರುತ್ತದೆ: ಮಾದರಿ, ಅಂಕಿ, ಎಣಿಕೆ, ಕೊಂಡ ಬೆಲೆ, ರಸೀದಿಗಳ ಚಿತ್ರ ಫೋನಿನಲ್ಲಿ. ಕಳೆದ ಪ್ರಯಾಣದ ಕಾಗದ ಈ ಲೇಖನ ಬರೆಯುವಾಗ ನನ್ನ ಮುಂದಿದೆ. ಹೋದವು 72, ಮರಳಿದವು 61. ಹನ್ನೊಂದು ನದಿಯಲ್ಲಿಯೂ ವಿಲ್ಲೊ ಮರದ ಕೊಂಬೆಗಳಲ್ಲಿಯೂ ಉಳಿದವು, ತುಕ್ಕು ಹಿಡಿದುದು ಒಂದೂ ಇಲ್ಲ.