ಮುಟ್ಟು ನಿಂತರೆ ಮಾತ್ರೆ ಬಿಡಬೇಕೆ?

ಪ್ರಶ್ನೆ: ನನಗೀಗ 26 ವರ್ಷ. ತವರು ಗದಗ ಕಡೆ. ಮದುವೆಯಾಗಿ ಸಾವರ್ಡೆಗೆ ಬಂದು ಎರಡು ವರ್ಷವಾಯಿತು. ಯಜಮಾನರು ಟಿಪ್ಪರ್ ಓಡಿಸುತ್ತಾರೆ. ಚಿಕ್ಕಂದಿನಲ್ಲಿ ಕೀಲುವಾತದ ಜ್ವರ ಬಂದು ಹೃದಯದ ಕವಾಟ ಕೆಟ್ಟಿತ್ತು. 19ನೇ ವಯಸ್ಸಿನಲ್ಲಿ ಲೋಹದ ವಾಲ್ವ್ ಹಾಕಿದರು. ರಕ್ತ ಹೆಪ್ಪುಗಟ್ಟದಿರಲೆಂದು ದಿನಾ ವಾರ್ಫರಿನ್ ನುಂಗುತ್ತೇನೆ. ಈಗ ಮಗು ಬೇಕೆನಿಸಿದೆ. ಆ ಮಾತ್ರೆಯಿಂದ ಮಗು ಊನವಾಗುತ್ತದೆ, ಮುಟ್ಟು ನಿಂತ ದಿನವೇ ಬಿಟ್ಟುಬಿಡು ಅನ್ನುತ್ತಾರೆ ನಾದಿನಿ. ಏನು ಮಾಡಲಿ?
— ಓದುಗರು, ಸಾವರ್ಡೆ, ಗೋವಾ

ಉತ್ತರ: ತಂಗಿ, ನಾದಿನಿಯ ಮಾತಿನಲ್ಲಿ ಅರ್ಧ ನಿಜವಿದೆ. ವಾರ್ಫರಿನ್ ಮಾಸು ದಾಟಿ ಮಗುವನ್ನು ಮುಟ್ಟುತ್ತದೆ. ಆರರಿಂದ ಹನ್ನೆರಡನೇ ವಾರದ ನಡುವೆ ಮೂಗು, ಮೂಳೆಗಳ ಬೆಳವಣಿಗೆ ಕೆಡಿಸಬಹುದು. ದಿನಕ್ಕೆ 5 ಮಿ.ಗ್ರಾಂ ಮೀರದಿದ್ದರೆ ಈ ಭಯ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಆದರೆ ಸುಮ್ಮನೆ ಮಾತ್ರೆ ಬಿಟ್ಟರೆ? ಬಸುರಿಯ ರಕ್ತ ಮೊದಲೇ ಬೇಗ ಹೆಪ್ಪುಗಟ್ಟುವಂಥದ್ದು. ವಾಲ್ವಿಗೆ ಹೆಪ್ಪು ಕಟ್ಟಿದರೆ ಅದರ ಬಿಲ್ಲೆ ಸಿಕ್ಕಿಕೊಳ್ಳುತ್ತದೆ. ಹೆಪ್ಪಿನ ಚೂರು ಮಿದುಳಿಗೆ ಹೋದರೆ ಪಾರ್ಶ್ವವಾಯು. ತಾಯಿಯೇ ಉಳಿಯದಿದ್ದರೆ ಮಗುವಿನ ಮಾತೆಲ್ಲಿ?

ವಾರ್ಫರಿನ್ ಬದಲಿಗೆ ಕೊಡುವ ಹೆಪಾರಿನ್ ಇಂಜೆಕ್ಷನ್ ಮಗುವಿಗೆ ತಲುಪುವುದಿಲ್ಲ. ಹೊಟ್ಟೆಯ ಚರ್ಮದಡಿಗೆ ದಿನಕ್ಕೆರಡು ಬಾರಿ ಚುಚ್ಚಿಕೊಳ್ಳಬೇಕು, ರಕ್ತ ಪರೀಕ್ಷೆ ಮಾಡಿಸಿ ಡೋಸು ಹೊಂದಿಸುತ್ತಿರಬೇಕು. ಆದರೂ ವಾಲ್ವ್ ಕಾಯುವುದರಲ್ಲಿ ಅದು ವಾರ್ಫರಿನ್‌ಗೆ ಸಮವಲ್ಲ. ಯಾವುದು, ಯಾವ ವಾರದಲ್ಲಿ ಎಂಬುದನ್ನು ನಿಮ್ಮ ಡೋಸು ನೋಡಿ ವೈದ್ಯರೇ ಹೇಳಬೇಕು.

2015ರಲ್ಲಿ ಪ್ರಕಟವಾದ ಹಲವು ದೇಶಗಳ ದಾಖಲೆಯಲ್ಲಿ ಲೋಹದ ವಾಲ್ವಿನ 212 ಬಸುರಿಯರಿದ್ದರು. ದೊಡ್ಡ ತೊಂದರೆಯಿಲ್ಲದೆ ಜೀವಂತ ಮಗು ಪಡೆದವರು ನೂರಕ್ಕೆ 58 ಮಂದಿ. ತೀರಿಕೊಂಡವರು ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು. ಈ ಲೆಕ್ಕ ಕೇಳಿದ ಮೇಲೆ ಮಗು ಬೇಡವೆನಿಸಿದರೆ ಅದೂ ತಪ್ಪಲ್ಲ. ಅತ್ತೆಮನೆಯವರಿಗೆ ಅದನ್ನು ಹೇಳಬೇಕಾದವರು ನಿಮ್ಮ ಯಜಮಾನರು.

ಬೇಕೇ ಬೇಕೆಂದರೆ, ಬಸುರಾಗುವ ಮೊದಲೇ ಒಂದು ದಿನ ರಜೆ ಹಾಕಿಸಿ ಅವರನ್ನೂ ಕರೆದುಕೊಂಡು ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ ಹೋಗಿ. ವಾಲ್ವಿನ ಕಾರ್ಡು, ಪಿಟಿ-ಐಎನ್‌ಆರ್ ರಕ್ತ ಪರೀಕ್ಷೆಯ ಚೀಟಿಗಳು ಜೊತೆಗಿರಲಿ. ಎಕೋ ಮಾಡಿಸಿ. ಹೃದ್ರೋಗ ತಜ್ಞರು, ಹೆರಿಗೆ ತಜ್ಞರು ಇಬ್ಬರ ಮಾತೂ ಕೇಳಿ.

ಸೀಮಂತ ಮುಗಿಸಿ ತವರಿಗೆ ಹೋಗುವ ಪದ್ಧತಿ ಈ ಸಲ ಬೇಡ. ಸುಮಾರು 36ನೇ ವಾರಕ್ಕೆ ವಾರ್ಫರಿನ್ ಬಿಡಿಸಿ ಹೆಪಾರಿನ್‌ಗೆ ಬದಲಿಸುತ್ತಾರೆ. ಆ ಹೊತ್ತಿಗೆ ಕುಳೆಂ ದಾಟಿ ಘಟ್ಟ ಹತ್ತುವ ರೈಲಿನಲ್ಲಿ ನೋವು ಕಾಣಿಸಿಕೊಂಡರೆ ಯಾರನ್ನು ಕೂಗುತ್ತೀರಿ? ಅಮ್ಮನನ್ನೇ ಸಾವರ್ಡೆಗೆ ಕರೆಸಿಕೊಳ್ಳಿ. ಹೆರಿಗೆಯಾದ ಮೇಲೆ ವಾರ್ಫರಿನ್ ನುಂಗುತ್ತಲೇ ಮಗುವಿಗೆ ಹಾಲೂಡಿಸಬಹುದು.

ಮುಟ್ಟು ತಪ್ಪಿದರೆ ಮಾರನೆಯ ದಿನವೇ ಪರೀಕ್ಷೆ ಮಾಡಿಕೊಂಡು ವೈದ್ಯರಿಗೆ ತಿಳಿಸಿ; ಅವರು ಹೇಳುವ ತನಕ ಮಾತ್ರೆ ನಿಲ್ಲಿಸಬೇಡಿ. ರಾತ್ರಿ ಮಲಗಿದಾಗ ಕೇಳುವ ವಾಲ್ವಿನ ಟಿಕ್ ಟಿಕ್ ಮಂಕಾದರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.