ಮೈಸೂರಿನ ರಂಗಾಚಾರ್ಲು ಸ್ಮಾರಕ ಭವನ

ಮೈಸೂರು ನಗರದಲ್ಲಿ ದೊಡ್ಡ ಗಡಿಯಾರದ ಸಮೀಪದಲ್ಲಿ ಎತ್ತರವಾದ ಕಂಬಗಳಿಂದ ಶೋಭಿಸುವ ಕಟ್ಟಡವನ್ನು ಜನರು ಟೌನ್ ಹಾಲ್ ಎಂದೇ ಕರೆಯುವರು. ನಾಟಕಕ್ಕೂ ಸಭೆಗೂ ಬಂದುಹೋಗುವವರಲ್ಲಿ ಇದು ಯಾರ ಸ್ಮಾರಕವೆಂದು ವಿಚಾರಿಸುವವರು ವಿರಳ. ಚರಿತ್ರೆಯ ಪಾಠದ ಅಂಗವಾಗಿ ನಾವು ಬಾಲಿಕೆಯರೊಡನೆ ಇದನ್ನು ಸಂದರ್ಶಿಸಿದೆವು. ಅಲ್ಲಿ ಅವರಿಗೆ ತಿಳಿಸಿದ ವಿಷಯವನ್ನು ಹಳೆಯ ವಿದ್ಯಾರ್ಥಿನಿಯರಿಗಾಗಿಯೂ ತಾಯಿತಂದೆಗಳಿಗಾಗಿಯೂ ಇಲ್ಲಿ ಬರೆಯುತ್ತೇವೆ.

1881ನೆಯ ಮಾರ್ಚಿಯಲ್ಲಿ ಐವತ್ತು ವರ್ಷಗಳ ಬ್ರಿಟಿಷ್ ಆಡಳಿತವು ಮುಗಿದು ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿತು; ಸಿ. ರಂಗಾಚಾರ್ಲು ಅವರು ದಿವಾನರಾದರು. ಅವರ ಕೈಗೆ ಬಂದುದು ಸೊರಗಿದ ಸಂಸ್ಥಾನ. 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆಯು, ನಡುವೆ 1876ರಿಂದ 1878ರವರೆಗೆ ಬಿದ್ದ ಘೋರ ಕ್ಷಾಮದಿಂದಾಗಿ, 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದಿತು. ಅದೇ ವರ್ಷದ ಅಕ್ಟೋಬರ್ 7ರಂದು, ದಸರೆಯ ಕಾಲದಲ್ಲಿ, ಪ್ರಜಾಪ್ರತಿನಿಧಿ ಸಭೆಯು ಮೊದಲ ಸಲ ಕೂಡಿತು. ಭೂಮಿಯುಳ್ಳ ರೈತರೂ ವರ್ತಕರೂ ಸೇರಿ 144 ಮಂದಿ; ಅವರ ಮುಂದೆ ದಿವಾನರು ಸರ್ಕಾರದ ಕಾರ್ಯಗಳನ್ನು ವಿವರಿಸಿದರು.

ಈ ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ವರದಿಯನ್ನು ಕೇಳುವುದು, ಕಷ್ಟವನ್ನು ಹೇಳಿಕೊಳ್ಳುವುದು, ಇಷ್ಟೇ. ಇದನ್ನು ಕೇಳಿ ಕೆಲವು ಬಾಲಿಕೆಯರು ನಕ್ಕರು. ಆದರೆ ಅಮಲ್ದಾರನ ಮುಂದೆ ಬಾಯಿಬಿಡಲು ಅಂಜುತ್ತಿದ್ದ ರೈತನು ದಿವಾನರ ಎದುರಿಗೆ ಎದ್ದುನಿಂತು ಕೆರೆಯ ವಿಷಯವನ್ನೂ ಕಂದಾಯದ ಭಾರವನ್ನೂ ಹೇಳಬಹುದಾಗಿದ್ದಿತು. ಮರುವರ್ಷ ಬಂದು, ಹೇಳಿದುದು ಏನಾಯಿತೆಂದು ಕೇಳಬಹುದಾಗಿದ್ದಿತು. ಇದು ಅಲ್ಪವಲ್ಲವೆಂದೇ ನಮ್ಮ ಎಣಿಕೆ.

ರಂಗಾಚಾರ್ಲು ಅವರು ಇದನ್ನು ಬಹುಕಾಲ ನಡೆಸಲಿಲ್ಲ. 1883ರ ಜನವರಿಯಲ್ಲಿ ತೀರಿಕೊಂಡರು. ಮರುವರ್ಷ ಮಹಾರಾಜರು ಈ ಭವನಕ್ಕೆ ಅಡಿಗಲ್ಲನ್ನಿಟ್ಟರು.

"ಆ 144 ಮಂದಿಯಲ್ಲಿ ಹೆಂಗಸರು ಎಷ್ಟು?" ಎಂದು ಮೆಟ್ಟಿಲ ಮೇಲೆ ಕುಳಿತ ಬಾಲಿಕೆಯೊಬ್ಬಳು ಕೇಳಿದಳು. ಒಬ್ಬರೂ ಇರಲಿಲ್ಲ. 1891ರಲ್ಲಿ ಚುನಾವಣೆಯ ಪದ್ಧತಿ ಬಂದಾಗಲೂ ಸ್ತ್ರೀಯರು ಹೊರಗೇ ಉಳಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1923ರ ಶಾಸನವು ಆ ತಡೆಯನ್ನು ತೆಗೆಯಿತು. ಸಭೆ ಹುಟ್ಟಿ ಆಗಲೇ 42 ವರ್ಷಗಳು ಕಳೆದಿದ್ದವು. ಆಸ್ತಿಯ ನಿಯಮವಾದರೋ ಉಳಿಯಿತು. ತನ್ನ ಹೆಸರಿನಲ್ಲಿ ಭೂಮಿಯಾಗಲಿ ತೆರಿಗೆಯಾಗಲಿ ಇಲ್ಲದ ಗೃಹಿಣಿಗೆ ಹೊಸ ಹಕ್ಕಿನಿಂದ ಪ್ರಯೋಜನವೇನು? ಅಂತಹವರೇ ಬಹುಮಂದಿ. ಪ್ರಜಾಪ್ರತಿನಿಧಿ ಸಭೆಯು 1949ರಲ್ಲಿ ಮುಗಿಯಿತು. ಆಸ್ತಿಯನ್ನು ಕೇಳದೆ ವಯಸ್ಸನ್ನು ಮಾತ್ರ ಕೇಳುವ ಮಹಾ ಚುನಾವಣೆಯು 1951–52ರಲ್ಲಿ ಮೊದಲ ಸಲ ನಡೆಯಿತು.