ಪರಸ್ಥಳದಲ್ಲಿರುವಾಗ ದೇಶಕ್ಕೆ ದುಃಖ ಬಂದರೆ

ಪಾಠಭಾಗ: ನೆಹೆಮೀಯ 1:1 – 2:18, ಲೂಕ 13:1–5



ಅಡಿಕೆಯ ಕೊಯ್ಲು ಮುಗಿದು ಮಕ್ಕಳ ಶಾಲೆಗಳಿಗೆ ಬೇಸಿಗೆಯ ರಜೆ ದೊರೆತ ಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಅನೇಕ ಕುಟುಂಬದವರು ದೂರದ ಸ್ಥಳಗಳನ್ನು ನೋಡಿಬರುವದಕ್ಕೆ ಹೊರಡುತ್ತಾರೆ. ಇನ್ನನೇಕ ಯೌವನಸ್ಥರು ಜೀವನಕ್ಕಾಗಿ ಬೆಂಗಳೂರಿನಲ್ಲಿಯೂ ಸಮುದ್ರದಾಚೆಯ ನಾಡುಗಳಲ್ಲಿಯೂ ಇರುತ್ತಾರೆ. ಹೀಗೆ ನಾವಾಗಲಿ ನಮ್ಮವರಾಗಲಿ ಪರಸ್ಥಳದಲ್ಲಿರುವಾಗ ದೇಶಕ್ಕೆಲ್ಲಾ ದುಃಖ ತರುವ ಸಂಗತಿ ನಡೆದರೆ, ಕ್ರಿಸ್ತನ ಶಿಷ್ಯರು ಹೇಗೆ ನಡೆದುಕೊಳ್ಳತಕ್ಕದ್ದು? ಈ ಪಾಠದಲ್ಲಿ ಇದನ್ನು ವಿಚಾರಿಸೋಣ.

ಈ ಪ್ರಶ್ನೆಯು ನಮಗೆ ದೂರದ್ದಲ್ಲ. 2025ನೆಯ ಇಸವಿಯ ಏಪ್ರಿಲ್ 22ರಂದು, ಪುನರುತ್ಥಾನದ ಹಬ್ಬ ಕಳೆದ ಎರಡನೆಯ ದಿನದಲ್ಲಿ, ಕಾಶ್ಮೀರದ ಪಹಲ್ಗಾಮಿನ ಬಳಿಯ ಬೈಸರನ್ ಎಂಬ ಹುಲ್ಲುಗಾವಲಿನಲ್ಲಿ ಶಸ್ತ್ರಧಾರಿಗಳು 26 ಮಂದಿಯನ್ನು ಗುಂಡಿಕ್ಕಿ ಕೊಂದರು. ಅವರಲ್ಲಿ 25 ಮಂದಿ ಪ್ರವಾಸಿಗಳು. ಆ ಪ್ರವಾಸಿಗಳಲ್ಲಿ ನಮ್ಮ ಜಿಲ್ಲೆಯ ಮುಖ್ಯಪಟ್ಟಣವಾದ ಶಿವಮೊಗ್ಗದವರೊಬ್ಬರಿದ್ದರು. ಕೊಲೆಗಾರರು ಮತವನ್ನು ವಿಚಾರಿಸಿ ಕೊಂದರೆಂದು ಬದುಕಿ ಉಳಿದವರು ಹೇಳಿದರು. ಸತ್ತವರಲ್ಲಿ ಬಹುಮಂದಿ ಹಿಂದುಗಳು, ಒಬ್ಬನು ಕ್ರೈಸ್ತನು. ಇಪ್ಪತ್ತಾರನೆಯವನು ಪ್ರವಾಸಿಗಳನ್ನು ಕುದುರೆಯ ಮೇಲೆ ಕರೆದೊಯ್ದು ಜೀವಿಸುತ್ತಿದ್ದ ಆ ಸೀಮೆಯ ಬಡ ಮುಸಲ್ಮಾನನು. ಇತರರನ್ನು ಕಾಪಾಡುವದಕ್ಕೆ ಹೋಗಿ ಅವನು ಪ್ರಾಣಕೊಟ್ಟನೆಂದು ವರದಿಯಾಯಿತು. ಆಗ ಕಾಶ್ಮೀರದಲ್ಲಿ ಸಂಚರಿಸುತ್ತಿದ್ದ ಕನ್ನಡಿಗರು ನೂರಕ್ಕೂ ಹೆಚ್ಚು. ನಮ್ಮ ರಾಜ್ಯದ ಸರಕಾರವು ಸಚಿವರಾದ ಸಂತೋಷ್ ಲಾಡರನ್ನು ಶ್ರೀನಗರಕ್ಕೆ ಕಳುಹಿಸಿ, ವಿಶೇಷ ವಿಮಾನದಲ್ಲಿ ಅವರನ್ನು ಬೆಂಗಳೂರಿಗೆ ಕರೆತರಿಸಿತು. ಅವರು ಬಂದು ಮುಟ್ಟುವ ತನಕ ಎಷ್ಟು ಮನೆಗಳಲ್ಲಿ ಒಲೆ ಉರಿದರೂ ಊಟ ಸೇರಲಿಲ್ಲವೋ ದೇವರೇ ಬಲ್ಲನು.

1. ದೂರವಿದ್ದವನೂ ಅಳತಕ್ಕವನು. ನೆಹೆಮೀಯನು ಶೂಷನಿನ ಅರಮನೆಯಲ್ಲಿ ಅರ್ತಷಸ್ತ ರಾಜನಿಗೆ ಪಾನಪಾತ್ರೆ ಕೊಡುವವನಾಗಿದ್ದನು. ಯೆರೂಸಲೇಮು ಅಲ್ಲಿಗೆ ಬಹು ದಿನಗಳ ಪ್ರಯಾಣ. ಅವನ ಹೊಟ್ಟೆಗೂ ಮಾನಕ್ಕೂ ಯಾವ ಕೊರತೆಯೂ ಇರಲಿಲ್ಲ. ಆದರೂ ಹನಾನೀಯು ಬಂದಾಗ, ಸೆರೆಯಿಂದ ಉಳಿದವರ ಕ್ಷೇಮವನ್ನು ನೆಹೆಮೀಯನೇ ಮೊದಲು ವಿಚಾರಿಸಿದನು. ಪಟ್ಟಣದ ಗೋಡೆ ಕೆಡವಲ್ಪಟ್ಟಿರುವದನ್ನು ಕೇಳಿ ಕುಳಿತುಕೊಂಡು ಅತ್ತನು, ಉಪವಾಸ ಮಾಡಿದನು. ಪ್ರಾರ್ಥನೆಯಲ್ಲಿ ಜನರ ಪಾಪವನ್ನು “ಅವರದು” ಎಂದು ಬೇರೆಮಾಡದೆ, ತನ್ನನ್ನೂ ತನ್ನ ತಂದೆಯ ಮನೆಯನ್ನೂ ಅದರಲ್ಲಿ ಸೇರಿಸಿಕೊಂಡನು. ಆದಕಾರಣ ಪ್ರವಾಸದಲ್ಲಿರುವವರು, ನಾವಿರುವ ಊರಿನಲ್ಲಿ ಏನೂ ಆಗಲಿಲ್ಲವೆಂದು ತಮ್ಮ ವಿನೋದವನ್ನು ಮುಂದುವರಿಸುವದು ತಕ್ಕದ್ದಲ್ಲ. ಮನೆಯವರಿಗೆ ತಮ್ಮ ಕ್ಷೇಮವನ್ನು ಕೂಡಲೆ ತಿಳಿಸಲಿ. ಬಳಿಕ ತಾವಿರುವ ಸ್ಥಳದಲ್ಲಿಯೇ ಇಬ್ಬರು ಮೂವರು ಕೂಡಿ ದುಃಖಿಗಳಿಗಾಗಿ ಮೊಣಕಾಲೂರಲಿ.

2. ಸತ್ತವರ ಮೇಲೆ ತೀರ್ಪು ಮಾಡಬಾರದು. ಯಜ್ಞ ಅರ್ಪಿಸುವದಕ್ಕೆ ಬಂದ ಗಲಿಲಾಯದವರನ್ನು ಪಿಲಾತನು ಕೊಲ್ಲಿಸಿದ ಸುದ್ದಿಯನ್ನು ಕೆಲವರು ಯೇಸುವಿಗೆ ತಂದರು. ಅವರೂ ಸ್ವಂತ ಊರನ್ನು ಬಿಟ್ಟು ಬಂದವರೇ. ಇವರು ಇತರರಿಗಿಂತ ಹೆಚ್ಚು ಪಾಪಿಷ್ಠರೆಂದು ನೆನಸುತ್ತೀರೋ ಎಂದು ಕರ್ತನು ಕೇಳಿ, ಹಾಗಲ್ಲವೆಂದು ಸ್ಪಷ್ಟವಾಗಿ ಹೇಳಿದನು. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿಯ ವಿಷಯದಲ್ಲಿಯೂ ಅದನ್ನೇ ಹೇಳಿ, ಕೇಳುವವರೇ ಮಾನಸಾಂತರಪಡಬೇಕೆಂದು ಎಚ್ಚರಿಸಿದನು. “ಮನೆಯಲ್ಲಿರದೆ ಅಲ್ಲಿಗೆ ಯಾಕೆ ಹೋಗಬೇಕಾಗಿತ್ತು?” “ಎಲ್ಲಾ ಹಣೆಬರಹ” ಎಂಬ ಮಾತುಗಳು ನಮ್ಮ ಜಗಲಿಗಳಲ್ಲಿಯೂ ಕೇಳಬರುತ್ತವೆ. ಇವು ಕ್ರಿಸ್ತನ ಬಾಯಿಯ ಮಾತುಗಳಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಪಾಯವುಂಟು. ಸುಖವಾಗಿ ಹಿಂದಿರುಗಿದವರು ಸಭೆಯಲ್ಲಿ ಎದ್ದು ಸ್ತೋತ್ರ ಹೇಳುವದು ಒಳ್ಳೆಯದೇ. ಆದರೆ ನಮ್ಮ ಪ್ರಾರ್ಥನೆ ಬಲವಾಗಿದ್ದದರಿಂದ ನಾವು ಉಳಿದೆವೆಂದು ಹೇಳಿದರೆ, ಗಂಡನನ್ನು ಕಳಕೊಂಡವಳ ಪ್ರಾರ್ಥನೆ ಬಲಹೀನವಾಗಿತ್ತೆಂದು ಹೇಳಿದ ಹಾಗಾಯಿತಲ್ಲವೇ? ಕೃತಜ್ಞತೆಯು ದೀನತೆಯೊಡನೆ ಮಾತಾಡಲಿ.

3. ನಾಲಿಗೆಗೂ ಕೈಗೂ ಕಡಿವಾಣವಿರಲಿ. ಹಿಂದೆ ಸುದ್ದಿಯು ಕಾಲ್ನಡೆಯಲ್ಲಿ ಬರುತ್ತಿತ್ತು; ಈಗ ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಬರುತ್ತದೆ, ಸುಳ್ಳೂ ಅಷ್ಟೇ ವೇಗದಿಂದ ಬರುತ್ತದೆ. ಪಹಲ್ಗಾಮಿನ ಕೊಲೆಯಾದ ಮೇಲೆ, ಹತರಾದ ದಂಪತಿಗಳ ಕಡೇ ವೀಡಿಯೋ ಎಂದು ಒಂದು ವೀಡಿಯೋ ದೇಶದಲ್ಲೆಲ್ಲಾ ಹರಡಿತು. ಅದರಲ್ಲಿ ಕಾಣುವ ಗಂಡಹೆಂಡಿರು ಬೇರೆಯವರು; ತಾವು ಜೀವದಿಂದಿದ್ದೇವೆಂದು ಅವರೇ ಮುಂದೆ ಬಂದು ತಿಳಿಸಬೇಕಾಯಿತು. ಇಂಥ ಸುಳ್ಳಿನಿಂದ ರಕ್ತವೂ ಸುರಿಯಬಹುದು. 1927ರಲ್ಲಿ ನಮ್ಮ ಶಿವಮೊಗ್ಗ ಸೀಮೆಯಲ್ಲಿಯೂ ಸಂಚರಿಸಿದ್ದ ಗಾಂಧಿಯವರು 1948ರ ಜನವರಿ 30ರಂದು ದೆಹಲಿಯಲ್ಲಿ ಹತರಾದಾಗ, ಕೊಂದವನು ಮುಸಲ್ಮಾನನೆಂಬ ಗಾಳಿಸುದ್ದಿಯಿಂದ ನಿರಪರಾಧಿಗಳು ಸಾಯದಂತೆ, ಕೊಂದವನು ಹಿಂದುವೆಂಬದನ್ನು ರೇಡಿಯೋದಲ್ಲಿ ಆ ಸಾಯಂಕಾಲವೇ ಪ್ರಕಟಿಸಿದರು. ತಕ್ಕ ವೇಳೆಯಲ್ಲಿ ಹೇಳಿದ ಒಂದು ಸತ್ಯವು ಅನೇಕರ ಪ್ರಾಣವನ್ನು ಉಳಿಸಬಲ್ಲದು.

ದ್ವೇಷದ ವಿಷಯದಲ್ಲಿಯೂ ಎಚ್ಚರವಾಗಿರೋಣ. ಬೈಸರನಿನಲ್ಲಿ ಹತನಾದ ನೌಕಾಪಡೆಯ ಅಧಿಕಾರಿಯ ಪತ್ನಿಯು ಮದುವೆಯಾಗಿ ಕೆಲವೇ ದಿನಗಳಲ್ಲಿ ವಿಧವೆಯಾದಳು. ಅವಳು, ಕೊಂದವರಿಗೆ ನ್ಯಾಯವಾದ ಶಿಕ್ಷೆಯಾಗಲಿ, ಆದರೆ ಮುಸಲ್ಮಾನರ ಮೇಲಾಗಲಿ ಕಾಶ್ಮೀರದವರ ಮೇಲಾಗಲಿ ಹಗೆ ಸಾಧಿಸಬೇಡಿರೆಂದು ಜನರನ್ನು ಬೇಡಿಕೊಂಡಳು. ಎಲ್ಲವನ್ನೂ ಕಳಕೊಂಡವಳು ಹೀಗೆ ಹೇಳಿದ ಮೇಲೆ, ಏನನ್ನೂ ಕಳಕೊಳ್ಳದ ನಾವು ಸಂತೆಯಲ್ಲಿಯೂ ಬಸ್ಸಿನಲ್ಲಿಯೂ ಹಗೆಯ ಮಾತಾಡುವದು ನಾಚಿಕೆಯಲ್ಲವೇ? ನ್ಯಾಯವನ್ನು ಬಯಸುವದು ಬೇರೆ. ಒಬ್ಬನ ದೋಷಕ್ಕಾಗಿ ಅವನ ಜಾತಿಯವರನ್ನೆಲ್ಲಾ ಹಗೆಮಾಡುವದು ಬೇರೆ.

4. ಪ್ರಾರ್ಥನೆಯು ಕೆಲಸವಾಗಿ ಮಾರ್ಪಡಲಿ. ನೆಹೆಮೀಯನು ಕಿಸ್ಲೇವ್ ಮಾಸದಲ್ಲಿ ಸುದ್ದಿ ಕೇಳಿದನು, ನೀಸಾನ್ ಮಾಸದಲ್ಲಿ ರಾಜನ ಮುಂದೆ ಬಾಯಿಬಿಟ್ಟನು. ನಡುವೆ ಸುಮಾರು ನಾಲ್ಕು ತಿಂಗಳು ಪ್ರಾರ್ಥಿಸಿದನು. ಅಪ್ಪಣೆಯೂ ಪತ್ರಗಳೂ ಮರಮುಟ್ಟೂ ಬೇಕೆಂದು ವಿವೇಕದಿಂದ ಕೇಳಿಕೊಂಡನು. ಯೆರೂಸಲೇಮಿಗೆ ಬಂದ ಮೇಲೆಯೂ ಮೂರು ದಿವಸ ಸುಮ್ಮನಿದ್ದು, ರಾತ್ರಿಯಲ್ಲಿ ಗೋಡೆಯನ್ನು ನೋಡಿಕೊಂಡು ಬಂದನು; ಆ ಬಳಿಕವೇ ಕಟ್ಟೋಣ ಬನ್ನಿರೆಂದು ಜನರನ್ನು ಕರೆದನು.

ನಮ್ಮ ಸಣ್ಣ ಸಭೆಗಳಲ್ಲಿಯೂ ಮಾಡತಕ್ಕ ಕೆಲಸವುಂಟು. ಪರಸ್ಥಳದಲ್ಲಿರುವ ಸಭಿಕರ ಹೆಸರುಗಳನ್ನು ಬರೆದಿಟ್ಟು ಭಾನುವಾರದ ಆರಾಧನೆಯಲ್ಲಿ ಅವರಿಗಾಗಿ ಪ್ರಾರ್ಥಿಸೋಣ. ಕೆಟ್ಟ ಸುದ್ದಿ ಬಂದ ದಿನ, ಮಗನೋ ಮಗಳೋ ದೂರವಿರುವ ಮನೆಗೆ ಹಿರಿಯರು ಕತ್ತಲಾಗುವದರೊಳಗೆ ಹೋಗಿ ಕುಳಿತುಕೊಳ್ಳಲಿ. ಹೇಳುವದಕ್ಕೆ ಮಾತಿಲ್ಲದಿದ್ದರೂ ಹೋಗಲಿ. ಆ ಮನೆಯು ನಮ್ಮ ಸಭೆಯದೋ, ಪಕ್ಕದ ಹಿಂದೂ ಅಥವಾ ಮುಸಲ್ಮಾನ ನೆರೆಯವರದೋ ಎಂದು ವಿಚಾರಿಸಬೇಕಾಗಿಲ್ಲ. ಬೈಸರನಿನಲ್ಲಿ ಕೊಲೆಗಾರರು ಮತವನ್ನು ಕೇಳಿ ಕೊಂದರು. ನಾವು ಮತವನ್ನು ಕೇಳದೆ ಸಂತೈಸೋಣ.

ಮನೆಯವರು ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು:

1. ದುಃಖದ ಸುದ್ದಿ ಕೇಳಿದಾಗ ನಾವು ಮೊದಲು ಮಾಡುವದೇನು: ಪ್ರಾರ್ಥನೆಯೋ, ಸುದ್ದಿಯನ್ನು ಇತರರಿಗೆ ದಾಟಿಸುವದೋ?
2. ಲೂಕ 13:1–5ರಲ್ಲಿ ಕರ್ತನು ಸತ್ತವರನ್ನು ಕುರಿತು ಹೇಳಿದ್ದೇನು, ಕೇಳುವವರನ್ನು ಕುರಿತು ಹೇಳಿದ್ದೇನು?
3. ಈ ವಾರದಲ್ಲಿ, ತಮ್ಮವರು ದೂರವಿರುವ ಯಾವ ಮನೆಯನ್ನು ನಾವು ಸಂಧಿಸಬೇಕು?